ನಾಯಿ ಮಂಚ ಹತ್ತಬಹುದೇ? ಮಕ್ಕಳಿರುವ ಮನೆಗೆ ನಾಲ್ಕು ದಾರಿ

ಹೋದ ವರ್ಷದವರೆಗೂ ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ಪಂಚಾಯಿತಿ ಸೇರುತ್ತಿತ್ತು. ಈಗ ಒಂಬತ್ತು ವರ್ಷದ ಮಗಳೂ ಐದು ವರ್ಷದ ಮಗನೂ ಒಂದು ಪಕ್ಷ: "ಅಮ್ಮಾ, ಬೋಂಡ ನಮ್ ಜೊತೇಲೇ ಮಲ್ಕೊಳ್ಳಲಿ, ಇವತ್ತೊಂದಿನ." ಅತ್ತೆಯದು ಎದುರು ಪಕ್ಷ: "ಹಾಸಿಗೆ ಮೇಲೆ ನಾಯೀನಾ? ಬೆಳಿಗ್ಗೆ ಎದ್ದು ಅದೇ ಮೈಯಲ್ಲಿ ದೇವರ ಮನೆ ಮುಂದೆ ನಿಂತ್ಕೊಳ್ತವೆ!" ನನ್ನ ಗಂಡ ಮೊಬೈಲ್ ನೋಡುವ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದರು. ಬೋಂಡ ಮಾತ್ರ ವಾದ ಮುಗಿಯುವ ತನಕ ಕಾಯುತ್ತಿರಲಿಲ್ಲ. ಮಂಚ ಹತ್ತಿ, ಮೂರು ಸುತ್ತು ಸುತ್ತಿ, ಮಗಳ ದಿಂಬಿಗೆ ಬೆನ್ನು ಕೊಟ್ಟು ಮಲಗಿರುತ್ತಿತ್ತು.

ಬೋಂಡ ಜಾತಿ ನಾಯಿಯಲ್ಲ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯ ಖಾಲಿ ಸೈಟಿನಲ್ಲಿ ಹುಟ್ಟಿದ ಕಂತ್ರಿ. ಈಗ ಮೂರು ವರ್ಷ, ಹದಿನೆಂಟು ಕೆಜಿ. ಈ ಮೂರು ವರ್ಷದಲ್ಲಿ ಅದು ಮಲಗಿದ ಜಾಗಗಳು ನಾಲ್ಕು: ಮೊದಲು ಹೊರಗಿನ ಜಗುಲಿ, ಆಮೇಲೆ ಹಾಲ್, ಆಮೇಲೆ ಮಕ್ಕಳ ಮಂಚ, ಕೊನೆಗೆ ಮಕ್ಕಳ ಕೋಣೆಯ ನೆಲ. ನಾಲ್ಕನ್ನೂ ನೋಡಿದವಳಾಗಿ ಹೋಲಿಸುತ್ತಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನಾಯಿ ಮಂಚ ಹತ್ತಬಹುದೋ ಬೇಡವೋ ಅನ್ನುವುದು ರಾತ್ರಿ ಒಂಬತ್ತೂವರೆಗೆ ಇತ್ಯರ್ಥವಾಗುವ ವಿಷಯವೇ ಅಲ್ಲ. ಸಂಜೆ ಏಳಕ್ಕೆ ಅದರ ಕಿವಿ ಮಡಿಸಿ, ಕಾಲ್ಬೆರಳ ಸಂದಿ ಬಿಡಿಸಿ, ರಕ್ತ ಹೀರುವ ಉಣ್ಣೆ ಇದೆಯಾ ಅಂತ ನೋಡುವವರು ನಿಮ್ಮ ಮನೆಯಲ್ಲಿ ಯಾರು? ಆ ಹೆಸರು ತಕ್ಷಣ ಬಾಯಿಗೆ ಬರದಿದ್ದರೆ ಉತ್ತರ "ಬೇಡ".

ಇನ್ನೊಂದು ಮಾತು. ಹೊರದೇಶದವರ ಸಲಹೆಗಳಲ್ಲಿ ಮಗುವಿಗೆ ತನ್ನದೇ ಕೋಣೆ, ತನ್ನದೇ ಮಂಚ ಇರುತ್ತದೆ. ನಮ್ಮಲ್ಲಿ ಎಂಟು ಹತ್ತು ವರ್ಷದವರೆಗೂ ಮಗು ಅಪ್ಪ ಅಮ್ಮನ ನಡುವೆ, ಇಲ್ಲವೇ ಅಜ್ಜಿಯ ಸೆರಗು ಹಿಡಿದು ಮಲಗುತ್ತದೆ. ಮದ್ದೂರಿನ ಹತ್ತಿರದ ನನ್ನ ತವರಿನಲ್ಲಿ ಹಬ್ಬಕ್ಕೆ ಸೇರಿದಾಗ ಪಡಸಾಲೆ ಉದ್ದಕ್ಕೂ ಚಾಪೆ ಹಾಸಿ ಹತ್ತು ಜನ ಸಾಲಾಗಿ ಮಲಗುತ್ತೇವೆ. ಅಲ್ಲಿ ಮಂಚವೆಂಬ ಗಡಿಯೇ ಇಲ್ಲ. ನಾಯಿ ಬಂದು ಸಾಲಿನ ಕೊನೆಯಲ್ಲಿ ಬಿದ್ದುಕೊಂಡರೆ ಅದು ಹಾಸಿಗೆಯಲ್ಲಿದೆಯೋ ನೆಲದಲ್ಲಿದೆಯೋ? ಹಾಗಾಗಿ ನಾನು ಅಳೆಯುವುದು ಎತ್ತರವನ್ನಲ್ಲ, ದೂರವನ್ನು. ಮಗುವಿನ ಮುಖಕ್ಕೂ ನಾಯಿಯ ಮೂತಿಗೂ ನಡುವೆ ಎಷ್ಟು ಜಾಗವಿದೆ ಅನ್ನುವುದೇ ಲೆಕ್ಕ.

ಮೊದಲು ವಯಸ್ಸು ನೋಡಿ

ಒಂದು ವರ್ಷದೊಳಗಿನ ಕೂಸಿದ್ದರೆ ಹೋಲಿಕೆಯೇ ಬೇಡ. ಕೂಸು ಮಲಗುವ ಜಾಗಕ್ಕೆ ಯಾವ ಪ್ರಾಣಿಯೂ ಬರಬಾರದು. ಬಾಣಂತಿ ಕೋಣೆಗೆ ನಾಯಿ ಬಿಡದ ಅಜ್ಜಿಯಂದಿರ ಕಟ್ಟುನಿಟ್ಟಿಗೂ ಈಗಿನ ಮಕ್ಕಳ ಡಾಕ್ಟರ ಮಾತಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಮೇಲೆ ಹೊರಳಿದ ನಾಯಿಯನ್ನು ತಳ್ಳುವ ಶಕ್ತಿ ಕೂಸಿಗಿಲ್ಲ, ಉಸಿರು ಕಟ್ಟೀತು.

ಅಲ್ಲಿಂದ ಐದಾರು ವರ್ಷದವರೆಗಿನ ಮಕ್ಕಳ ತೊಂದರೆ ಬೇರೆ: ಅವರಿಗೆ ನಾಯಿಯ ಮುಖ ಓದಲು ಬರುವುದಿಲ್ಲ. ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಕಲ್ಲಿನ ಹಾಗೆ ಬಿಗಿಯುವುದು, ಇವೆಲ್ಲ "ಸಾಕು, ಆಚೆ ಹೋಗು" ಅನ್ನುವ ಮಾತುಗಳು. ಮಗುವಿಗೆ ಅದು ನಾಯಿ ಸುಮ್ಮನೆ ಮಲಗಿದ ಹಾಗೆ ಕಾಣುತ್ತದೆ, ಇನ್ನಷ್ಟು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಸಣ್ಣ ಮಕ್ಕಳಿಗೆ ನಾಯಿ ಕಚ್ಚಿದರೆ ಗಾಯ ಹೆಚ್ಚಾಗಿ ಮುಖ, ತಲೆ, ಕುತ್ತಿಗೆಯ ಮೇಲೇ ಆಗುತ್ತದೆ. ನಿಂತಿದ್ದಾಗಲೇ ಅವರ ಮುಖ ಮೂತಿಯ ಮಟ್ಟಕ್ಕಿರುತ್ತದೆ, ಇನ್ನು ಮಲಗಿದಾಗ ಕೇಳಬೇಕೆ? ನನ್ನ ಮಗ ಈಗ ಆ ವಯಸ್ಸಿನವನು. ಅಕ್ಕನಿಗೆ ಸಿಗುವ ರಿಯಾಯಿತಿ ತನಗಿಲ್ಲ ಅಂತ ದಿನಾ ಜಗಳ.

ಒಂದನೆಯ ದಾರಿ: ಮಂಚದ ಮೇಲೆ, ಮಗುವಿನ ಪಕ್ಕ

ಇದರ ಪರವಾಗಿ ಹೇಳುವುದೂ ಇದೆ. ಮಗಳಿಗೆ ಏಳು ತುಂಬಿದಾಗ "ಇನ್ನು ಬೇರೆ ಕೋಣೇಲಿ ಮಲಗು" ಅಂದೆವು. ಹದಿನೈದು ದಿನ ಅರ್ಧರಾತ್ರಿ ದಿಂಬು ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಬೋಂಡ ಪಕ್ಕದಲ್ಲಿ ಮಲಗಿದ ದಿನ ಬರಲಿಲ್ಲ. ನಾಯಿಯ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು. ಡಿಸೆಂಬರಿನ ಮೈಸೂರು ಚಳಿಗೆ ಕಂಬಳಿಗಿಂತ ಮೇಲು. ಕತ್ತಲೆಗೆ ಹೆದರುವ ಮಗುವಿಗೆ ಪಕ್ಕದಲ್ಲಿ ಏರಿಳಿಯುವ ಒಂದು ಉಸಿರಿದ್ದರೆ ನೈಟ್ ಬಲ್ಬ್ ಬೇಕಾಗುವುದಿಲ್ಲ.

ನಿದ್ದೆ ಕೆಡುತ್ತದೆಯೇ? ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಕಾಂಕಾರ್ಡಿಯಾ ವಿಶ್ವವಿದ್ಯಾಲಯದವರು 11ರಿಂದ 17 ವರ್ಷದ 188 ಮಕ್ಕಳ ನಿದ್ದೆಯನ್ನು ಯಂತ್ರ ಕಟ್ಟಿ ಅಳೆದು 2021ರಲ್ಲಿ ಪ್ರಕಟಿಸಿದರು. ಅವರಲ್ಲಿ ಮೂರನೇ ಒಂದು ಪಾಲು ಸಾಕುಪ್ರಾಣಿಯ ಜೊತೆ ಮಲಗುವವರು. ಉಳಿದವರಿಗೂ ಇವರಿಗೂ ನಿದ್ದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ 2017ರಲ್ಲಿ 40 ವಯಸ್ಕರನ್ನು ನೋಡಿ ಹೇಳಿದ್ದು ಬೇರೆ: ನಾಯಿ ಕೋಣೆಯಲ್ಲಿದ್ದರೆ ತೊಂದರೆಯಿಲ್ಲ, ಹಾಸಿಗೆಗೆ ಬಂದರೆ ನಿದ್ದೆ ತುಸು ಕಡಿಮೆಯಾಗುತ್ತದೆ. ಒಂದು ದೊಡ್ಡ ಮಕ್ಕಳ ಮಾತು, ಇನ್ನೊಂದು ದೊಡ್ಡವರ ಮಾತು. ಏಳೆಂಟು ವರ್ಷದವರಿಗೆ ಎರಡನ್ನೂ ನೇರವಾಗಿ ಅನ್ವಯಿಸಲಾಗದು. ನಮ್ಮ ಮನೆಯ ಯಂತ್ರ ಏಳೂವರೆಯ ಸ್ಕೂಲ್ ವ್ಯಾನ್. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ನಾಯಿಯೋ ನಮ್ಮ ಹಾಗೆ ಒಂದೇ ಸಮನೆ ಮಲಗುವ ಪ್ರಾಣಿಯಲ್ಲ. ಬೀದಿಯಲ್ಲಿ ಇನ್ನೊಂದು ನಾಯಿ ಊಳಿಟ್ಟರೆ ಎದ್ದು ಕೂರುತ್ತದೆ, ಹಾಲಿನವನ ಬೈಕ್ ಬಂದರೆ ಐದಕ್ಕೇ ಮೈ ಕೊಡವುತ್ತದೆ. ವ್ಯಾನಿನಲ್ಲಿ ತೂಕಡಿಸುವ ಮಗುವಿಗೆ ಮಂಚದ ನಾಯಿ ಒಗ್ಗಿಲ್ಲ ಅಂತಲೇ ಅರ್ಥ.

ಸೊಳ್ಳೆ ಪರದೆಯದೊಂದು ಕಥೆ. ಮಂಡ್ಯ ಕಡೆಯ ನಾಲೆ ಬಯಲಿನ ಊರುಗಳಲ್ಲಿ ಪರದೆಯಿಲ್ಲದೆ ಮಲಗುವ ಹಾಗಿಲ್ಲ. ಪರದೆಯೊಳಗೆ ಮಲಗಿದ ನಾಯಿ ರಾತ್ರಿ ಎರಡಕ್ಕೆ ನೀರು ಕುಡಿಯಲು ಹೊರಡುತ್ತದೆ. ಅಂಚು ಎತ್ತಿಬಿಡುತ್ತದೆ, ಉಗುರಿಗೆ ಸಿಕ್ಕಿ ಪರದೆ ಹರಿಯುತ್ತದೆ. ಬೆಳಿಗ್ಗೆ ಮಗುವಿನ ಕೈಕಾಲೆಲ್ಲ ದದ್ದು. ನಾಯಿಯ ಚಿಗಟ ಅಂತ ಎಲ್ಲರೂ ಬೈಯುತ್ತಾರೆ, ಕಚ್ಚಿದ್ದು ಸೊಳ್ಳೆ.

ಇನ್ನು ಉಣ್ಣೆ. ಹೋದ ವರ್ಷ ಜೂನ್‌ನಲ್ಲಿ ಮಗಳಿಗೆ ಜಡೆ ಹಾಕುವಾಗ ಕಿವಿಯ ಹಿಂದೆ ಕರಿ ಎಳ್ಳಿನಷ್ಟು ಏನೋ ಕೈಗೆ ಸಿಕ್ಕಿತು. ಗಾಯದ ಹಕ್ಕಳೆ ಅಂದುಕೊಂಡು ಉಗುರಿನಿಂದ ಕೆರೆದೆ. ಕಾಲುಗಳು ಅಲ್ಲಾಡಿದವು. ತಪ್ಪು ನನ್ನದೇ, ತಂಗಿಯ ಮದುವೆ ಓಡಾಟದಲ್ಲಿ ಎರಡು ವಾರ ಬೋಂಡನ ಮೈ ನೋಡಿರಲಿಲ್ಲ. ಅವತ್ತಿನಿಂದಲೇ ಬೋಂಡನನ್ನು ಮಂಚದಿಂದ ಇಳಿಸತೊಡಗಿದ್ದು.

ನಾಯಿಯ ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡಬಲ್ಲದು. ರಕ್ತ ಕುಡಿದು ಊದಿದ ಹೆಣ್ಣು ಉದುರಿ, ಗೋಡೆಯ ಬಿರುಕನ್ನೋ ಮಂಚದ ಸಂದಿಯನ್ನೋ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಎಲ್ಲಿ ಮಲಗುತ್ತದೋ ಅಲ್ಲೇ ಉದುರುವುದು. ಮಂಗನ ಕಾಯಿಲೆ ನೆನಪಾಗಿ ಆ ರಾತ್ರಿ ನನಗೆ ನಿದ್ದೆಯಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಕಾಯಿಲೆಯನ್ನು ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆ ಅಂತ ಡಾಕ್ಟರು ಹೇಳಿದ ಮೇಲೆ ಸಮಾಧಾನವಾಯಿತು. ಹಾಗಂತ ನಾಯಿಯ ಉಣ್ಣೆ ಸಾಧುವಲ್ಲ, ಅದರಿಂದ ರಿಕೆಟ್ಸಿಯಾ ಜ್ವರ ಬರಬಹುದು. ಕಚ್ಚಿದ ಎರಡು ವಾರದೊಳಗೆ ಮಗುವಿಗೆ ಜ್ವರ, ತಲೆನೋವು, ಮೈಮೇಲೆ ಕೆಂಪು ಗುಳ್ಳೆ ಕಾಣಿಸಿದರೆ "ಉಣ್ಣೆ ಕಚ್ಚಿತ್ತು" ಅಂತ ನೀವಾಗಿಯೇ ಡಾಕ್ಟರಿಗೆ ಹೇಳಿ. ಕಚ್ಚಿಕೊಂಡಿರುವ ಉಣ್ಣೆಯನ್ನು ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರಕ್ಕೆ ಎಳೆದು ತೆಗೆಯಬೇಕು. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ. ನಾನು ಮಾಡಿದ ಹಾಗೆ ಉಗುರಲ್ಲಿ ಕೆರೆಯುವುದಂತೂ ಬೇಡವೇ ಬೇಡ.

ಉಣ್ಣೆಗೆ ಔಷಧಿ ಹಲವು ಬಗೆ. ನುಂಗಿಸುವ ಮಾತ್ರೆ, ಬೆನ್ನಿನ ಮೇಲೆ ಬಿಡುವ ಹನಿ, ಕತ್ತಿಗೆ ಕಟ್ಟುವ ಪಟ್ಟಿ, ಸ್ನಾನದ ನೀರಿಗೆ ಬೆರೆಸುವ ದ್ರಾವಣ. ಮಕ್ಕಳಿಗೆ ಅಂಟಿಕೊಂಡೇ ಇರುವ ನಾಯಿಗೆ ಮಾತ್ರೆಯೇ ವಾಸಿ, ಮೈಮೇಲೆ ಏನೂ ಉಳಿದಿರುವುದಿಲ್ಲ. ತಿಂಗಳಿಗೊಮ್ಮೆ ಕೊಡುವುದಿದೆ, ಮೂರು ತಿಂಗಳಿಗೊಮ್ಮೆ ಕೊಡುವುದಿದೆ. ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಫಿಟ್ಸ್ ಬರುವ ನಾಯಿಗೆ ಇವು ಆಗದಿರಬಹುದು, ಪಶುವೈದ್ಯರನ್ನು ಕೇಳಿಯೇ ಕೊಡಿ. ಬೆನ್ನಿಗೆ ಹನಿ ಬಿಟ್ಟ ರಾತ್ರಿ ನಾಯಿಯೂ ಮಗುವೂ ಜೊತೆ ಮಲಗಬಾರದು. ತವರಿನ ಕಡೆ ನಾನು ಕಂಡ ಅಭ್ಯಾಸ ಇನ್ನೊಂದಿದೆ: ಹಸುವಿನ ಉಣ್ಣೆಗೆ ತಂದ ಔಷಧಿಯಲ್ಲಿ ಮಿಕ್ಕಿದ್ದನ್ನು ನಾಯಿಗೂ ಸವರಿಬಿಡುವುದು. ಅಮಿಟ್ರಾಜ್‌ನಂಥವು ಮನುಷ್ಯರಿಗೆ ವಿಷ. ಅದನ್ನು ಸವರಿದ ನಾಯಿಯನ್ನು ಮಗು ತಬ್ಬಿಕೊಂಡು ಮಲಗುವುದಕ್ಕಿಂತ ನಾಲ್ಕು ಉಣ್ಣೆಯೇ ವಾಸಿ.

ಜಂತುಹುಳುವಿನ ಭಯ ನಮ್ಮಲ್ಲಿ ದೊಡ್ಡದು, ಆದರೆ ಅದು ಹಾಸಿಗೆಯ ವಿಷಯವಲ್ಲ. ನಾಯಿಯ ದುಂಡುಹುಳುವಿನ ಮೊಟ್ಟೆ ಮಲದಿಂದ ಹೊರಬಿದ್ದ ಮೇಲೆ ವಾರಗಟ್ಟಲೆ ಮಣ್ಣಿನಲ್ಲಿದ್ದು ಮಾಗಿದರೆ ಮಾತ್ರ ತಗಲುತ್ತದೆ. ಮಗು ಅಂಗಳದ ಮಣ್ಣಾಡಿ ಕೈ ತೊಳೆಯದೆ ಚಕ್ಕುಲಿ ತಿನ್ನುವುದೇ ಅಪಾಯ. ಸ್ಕೂಲಿನಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಕೊಡುತ್ತಾರಲ್ಲ, ಹಾಗೆ ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ. ಮರಿಗಳಿಗೆ ಇನ್ನೂ ಬೇಗ ಬೇಗ. ಹುಳುಕಡ್ಡಿ ಅನ್ನುವ ಚರ್ಮರೋಗ ಮಾತ್ರ ಹಾಸಿಗೆಯಲ್ಲೇ ಹರಡುತ್ತದೆ. ನಾಯಿಯ ಮೈಯಲ್ಲಿ ದುಂಡಗೆ ಕೂದಲುದುರಿದ ಜಾಗ ಕಂಡರೆ ವಾಸಿಯಾಗುವ ತನಕ ಮಂಚ ಬಂದ್.

ರೇಬೀಸ್ ವಿಷಯದಲ್ಲಿ ನಾನೂ ಅತ್ತೆಯ ಪಕ್ಷ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದಿಲ್ಲ ಅಂತಲೇ ಲೆಕ್ಕ, ಮತ್ತು ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವರ್ಷ ವರ್ಷ. ಬೀದಿಯಿಂದ ಎತ್ತಿಕೊಂಡು ಬಂದ ಮರಿ ಎಷ್ಟೇ ಮುದ್ದಾಗಿದ್ದರೂ ಚುಚ್ಚುಮದ್ದಿನ ಕಾರ್ಡು ಕೈಗೆ ಬರುವ ತನಕ ಮಕ್ಕಳ ಹಾಸಿಗೆ ಹತ್ತಿರಕ್ಕೂ ಬೇಡ. ನಿದ್ದೆಗಣ್ಣಲ್ಲಿ ಹಲ್ಲು ತಾಗಿದರೂ, ಉಗುರು ಗೀರಿದರೂ, ತರಚಿದ ಜಾಗವನ್ನು ನೆಕ್ಕಿದರೂ ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆ. ಸುಣ್ಣ, ಅರಿಶಿನ, ಖಾರದಪುಡಿ ಯಾವುದೂ ಬೇಡ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವುದು ಹಳೇ ಕಾಲದ ಮಾತು. ಚರ್ಮದೊಳಗೆ ಕೊಡುವ ಈಗಿನ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ. ಇದರಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಬೇರೆಯೇ: ನಾಯಿ ಜೊತೆ ಮಲಗುವ ಮಗು ಗೀರಿದ ಗಾಯವನ್ನು ಮುಚ್ಚಿಡುತ್ತದೆ. ಹೇಳಿದರೆ ಬೋಂಡನನ್ನು ಹೊರಗೆ ಹಾಕುತ್ತಾರೆ ಅನ್ನುವ ಭಯ. "ಗೀರಿದರೆ ಹೇಳು, ಅವನನ್ನ ಬೈಯಲ್ಲ, ಹೊರಗೂ ಹಾಕಲ್ಲ" ಅಂತ ಮಗಳಿಗೆ ದೇವರ ಮುಂದೆ ಮಾತು ಕೊಟ್ಟಿದ್ದೇನೆ.

ಎರಡನೆಯ ದಾರಿ: ಅದೇ ಕೋಣೆ, ನೆಲದ ಮೇಲೆ ತನ್ನ ಹಾಸಿಗೆ

ನನ್ನ ಓಟು ಇದಕ್ಕೆ. ಮಗು ಮಂಚದಿಂದ ಕೈ ಇಳಿಬಿಟ್ಟರೆ ನಾಯಿಯ ತಲೆ ಸಿಗಬೇಕು, ಆದರೆ ಹೊರಳಿದರೆ ಮೈ ಸಿಗಬಾರದು. ಧೈರ್ಯವೂ ಸಿಗುತ್ತದೆ, ಮುಖಕ್ಕೂ ಮೂತಿಗೂ ದೂರವೂ ಉಳಿಯುತ್ತದೆ. ಮೇಯೊ ಕ್ಲಿನಿಕ್‌ನವರ ಲೆಕ್ಕವೂ ಇಲ್ಲಿಗೇ ಹೊಂದುತ್ತದೆ.

ಅಂಗಡಿಯ ಮೆತ್ತನೆ ಹಾಸಿಗೆ ಬೇಕಿಲ್ಲ. ನಮ್ಮದು ಎರಡು ಗೋಣಿಚೀಲ ಮಡಚಿ, ಅತ್ತೆಯ ಹಳೇ ನೂಲಿನ ಸೀರೆಯಲ್ಲಿ ಹೊಲಿದ ಗವಸು. (ನಾಯಿಗೆ ಅಂತ ಸೀರೆ ಕೊಟ್ಟದ್ದು ಅತ್ತೆಯೇ. "ಮಂಚ ಹತ್ತದಿದ್ರೆ ಸಾಕು" ಅಂದರು.) ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಟೆರೇಸಿನ ಬಿಸಿಲಿಗೆ. ಜುಲೈನಲ್ಲಿ ಒಣಗುವುದಿಲ್ಲ, ಹಾಗಾಗಿ ಎರಡು ಜೊತೆ ಗವಸು ಬೇಕು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಾಸಬೇಡಿ. ಕತ್ತಲಲ್ಲಿ ಬಾಲ ತುಳಿದರೆ ಎಂಥ ಸಾಧು ನಾಯಿಯೂ ತಿರುಗಿ ಬಾಯಿ ಹಾಕುತ್ತದೆ. ಮಲಗಿದ ನಾಯಿಯನ್ನು ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು, ಅದು ಕಣ್ಣು ಬಿಟ್ಟ ಮೇಲೆ ಮುಟ್ಟಬೇಕು. ಮಗನಿಗೆ ಇದನ್ನು ಕಲಿಸಲು ಒಂದು ತಿಂಗಳು ಹಿಡಿಯಿತು.

ಮಾರ್ಚಿನಿಂದ ಮೇವರೆಗೆ ಈ ದಾರಿಯನ್ನು ನಾಯಿಯೇ ಆರಿಸಿಕೊಳ್ಳುತ್ತದೆ. ಸೆಕೆಗೆ ಮಂಚ ಬಿಟ್ಟು ಫ್ಯಾನ್ ಕೆಳಗಿನ ತಣ್ಣನೆ ನೆಲದ ಮೇಲೆ ನಾಲ್ಕು ಕಾಲು ಚೆಲ್ಲುತ್ತದೆ. ಅಭ್ಯಾಸ ಬದಲಿಸುವವರು ಆ ಮೂರು ತಿಂಗಳನ್ನು ಬಳಸಿಕೊಳ್ಳಿ.

ಮೂರನೆಯ ದಾರಿ: ಮನೆಯೊಳಗೆ, ಹಾಲ್‌ನಲ್ಲಿ

ಮಗುವಿಗೆ ಉಬ್ಬಸ ಅಥವಾ ಬೆಳಿಗ್ಗೆ ಎದ್ದ ತಕ್ಷಣ ಸೀನು ಇದ್ದರೆ ಇದೇ ಸರಿ. ನಾಯಿ ಸಾಕಿದರೆ ಉಬ್ಬಸ ಕಡಿಮೆ ಅನ್ನುವ ಮಾತು ಕೇಳಿರುತ್ತೀರಿ. ಸ್ವೀಡನ್ನಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ನಾಯಿಯಿದ್ದ ಮನೆಯಲ್ಲಿ ಬೆಳೆದವರಿಗೆ ಶಾಲೆ ವಯಸ್ಸಿನಲ್ಲಿ ಉಬ್ಬಸ ಸುಮಾರು 13 ಪ್ರತಿಶತ ಕಡಿಮೆ ಇತ್ತು. ಅದು ಮನೆಯಲ್ಲಿ ನಾಯಿ ಇದ್ದದ್ದರ ಲೆಕ್ಕ, ಮಂಚದ ಮೇಲೆ ಇದ್ದದ್ದರದ್ದಲ್ಲ. ಈಗಾಗಲೇ ಉಬ್ಬಸ ಇರುವ ಮಗುವಿಗೆ ಅದು ಔಷಧಿಯೂ ಅಲ್ಲ. ಜೊತೆಗೆ ನಮ್ಮ ಬಡಾವಣೆಗಳ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ. ಅದರಲ್ಲಿ ಹೊರಳಾಡಿ ಬಂದ ನಾಯಿಯ ಕೂದಲಲ್ಲಿ ಅದರ ಪರಾಗವೂ ಇರುತ್ತದೆ, ಸೀನಿಗೆ ನಾಯಿಗಿಂತ ಅದೇ ಕಾರಣವಿದ್ದೀತು.

ಕಿವಿ ಕೇಳದ, ಕೀಲುನೋವಿನ ಮುದಿ ನಾಯಿಗೂ ಹಾಲ್ ವಾಸಿ. ತೊಂದರೆಯೆಂದರೆ ಬಾಗಿಲು ಕೆರೆಯುವುದು. ನಮ್ಮಲ್ಲಿ ಮೂರು ರಾತ್ರಿ ಕೆರೆಯಿತು, ನಾಲ್ಕನೆಯ ರಾತ್ರಿ ಅತ್ತೆಯೇ ಎದ್ದು ಬಾಗಿಲು ತೆಗೆದರು.

ನಾಲ್ಕನೆಯ ದಾರಿ: ಹೊರಗೆ

"ನಾಯಿ ಇರೋದೇ ಮನೆ ಕಾಯೋಕೆ, ಹೊರಗೆ ಕಟ್ಟಾಕು" ಅನ್ನುವುದು ನನ್ನ ಅಪ್ಪನ ಮಾತು. ಆ ಮಾತಿಗೆ ನಮ್ಮ ಮದ್ದೂರು ತಾಲ್ಲೂಕಿನಲ್ಲಿ ಸಾವಿರ ವರ್ಷದ ಬೇರಿದೆ. ಆತಕೂರಿನ ವೀರಗಲ್ಲಿನಲ್ಲಿ, ಸುಮಾರು 949–50ರದ್ದು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು ಕೆತ್ತಿದ್ದಾರೆ. ಚೋಳರ ಎದುರಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ಗಂಗರ ದೊರೆ ಬೂತುಗನಲ್ಲಿ ಬೇರೆ ಏನನ್ನೂ ಕೇಳದೆ ಕಾಳಿಯನ್ನೇ ಕೇಳಿ ಪಡೆದನಂತೆ. ಅಪ್ಪನಿಗೆ ಇದನ್ನು ಹೇಳಿದರೆ "ನೋಡು, ಅದೇನು ಮಂಚದ ಮೇಲೆ ಮಲಗ್ತಿತ್ತಾ?" ಅಂದರು. ಉತ್ತರ ಶಾಸನದಲ್ಲಿಲ್ಲ.

ಆದರೆ ಈಗಿನ ಮೈಸೂರು, ಮಂಡ್ಯದಲ್ಲಿ ಹೊರಗೆ ಕಟ್ಟಿದ ನಾಯಿ ಅಂದರೆ ಚಿರತೆಗೆ ಇಟ್ಟ ಊಟ. ಕಬ್ಬಿನ ಗದ್ದೆ ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆ, ನಾಯಿ ಅದರ ಮೆಚ್ಚಿನ ಬೇಟೆ. 2022ರ ಕೊನೆಯಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನರೇ ಸತ್ತರು. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದೊಳಗೇ ಚಿರತೆ ಕಾಣಿಸಿತು. ತೋಟದ ಮನೆಯವರು ರಾತ್ರಿ ನಾಯಿಯನ್ನು ಬಾಗಿಲಿರುವ ಕೊಟ್ಟಿಗೆಗಾದರೂ ಸೇರಿಸಿ, ಸರಪಳಿ ಹಾಕಿ ಅಂಗಳದಲ್ಲಿ ಬಿಡಬೇಡಿ. ಚಿರತೆ ಅಂಗಳಕ್ಕೆ ಬರುವುದನ್ನು ಕಲಿತರೆ ಮಕ್ಕಳಿಗೂ ಅಪಾಯ. ಅಪ್ಪ ಈಗ ರಾತ್ರಿ ನಾಯಿಯನ್ನು ಒಳಗೆ ಕಟ್ಟುತ್ತಾರೆ. "ಚಳಿ ಅಲ್ವಾ" ಅನ್ನುತ್ತಾರೆ.

ದೀಪಾವಳಿಯ ಮೂರು ರಾತ್ರಿ ಯಾವ ದಾರಿಯ ನಾಯಿಯಾದರೂ ಒಳಗಿರಬೇಕು. ಪಟಾಕಿಗೆ ಬೆದರಿದ ನಾಯಿ ಮಕ್ಕಳ ಪಕ್ಕ ಬೇಡ, ದೊಡ್ಡವರೊಬ್ಬರು ಅದರ ಜೊತೆ ಬೇರೆ ಕೋಣೆಯಲ್ಲಿ ಮಲಗಿ.

ಆದರೂ ಮಂಚವೇ ಬೇಕು ಅನ್ನುವವರಿಗೆ

ಮಗುವಿಗೆ ಏಳೆಂಟು ವರ್ಷ ದಾಟಿರಲಿ, ನಾಯಿಗೆ ಒಂದೂವರೆ ವರ್ಷವಾದರೂ ಆಗಿರಲಿ, ಚುಚ್ಚುಮದ್ದು ಬಾಕಿಯಿರದಿರಲಿ. ಆಮೇಲೆ ಒಂದು ಪರೀಕ್ಷೆ ಮಾಡಿ. ನಾಯಿ ಮಂಚದ ಮೇಲೆ ಗಾಢವಾಗಿ ಮಲಗಿದ್ದಾಗ ದೂರದಿಂದ ಹೆಸರು ಕರೆದು "ಇಳಿ" ಅನ್ನಿ. ಆಕಳಿಸಿ, ಮೈಮುರಿದು ಇಳಿದರೆ ಸರಿ. ಗುರ್ ಅಂದರೆ ಆ ಜಾಗವನ್ನು ಅದು ತನ್ನದೆಂದುಕೊಂಡಿದೆ. ಮಂಚದ ಮಾತು ಅಲ್ಲಿಗೆ ಮುಗಿಯಿತು. ಗುರ್ ಅಂದದ್ದಕ್ಕೆ ಹೊಡೆಯಬೇಡಿ. ಎಚ್ಚರಿಸಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಎಚ್ಚರಿಸದೆ ಕಚ್ಚುತ್ತದೆ.

ಮಂಚದಿಂದ ಇಳಿಸುವುದು ಹತ್ತಿಸಿದಷ್ಟು ಸುಲಭವಲ್ಲ. ಬೈದರೆ ಆಗದು, ಎಳೆದರೆ ಕಚ್ಚಿಸಿಕೊಳ್ಳುತ್ತೀರಿ. ನಾವು ರಾತ್ರಿಯ ಚಪಾತಿ ಚೂರನ್ನು ಕೆಳಗಿನ ಹಾಸಿಗೆಯ ಮೇಲೆ ಮಾತ್ರ ಕೊಡಲು ಶುರು ಮಾಡಿದೆವು. ಮೇಲೆ ಹತ್ತಿದಾಗಲೆಲ್ಲ ಮಾತಿಲ್ಲದೆ ಚೂರು ತೋರಿಸಿ ಕೆಳಗೆ ಕರೆದೆವು. ಮೂರು ವಾರಕ್ಕೆ ಬೋಂಡ ಒಂಬತ್ತೂವರೆಗೆ ತಾನೇ ಹೋಗಿ ಗೋಣಿಯ ಮೇಲೆ ಕೂತು ಚಪಾತಿಗೆ ಕಾಯತೊಡಗಿತು. ಗೆದ್ದೆವು ಅಂದುಕೊಂಡೆವು.

ನಾಲ್ಕನೆಯ ವಾರ ರಾತ್ರಿ ಎದ್ದು ನೋಡಿದರೆ ಮಗಳ ಮಂಚ ಖಾಲಿ. ಚಾಪೆ ಹಾಸಿಕೊಂಡು ಕೆಳಗೆ ಬೋಂಡನ ಪಕ್ಕ ಮಲಗಿದ್ದಳು, ಕೈ ಅದರ ಹೊಟ್ಟೆಯ ಮೇಲೆ. ಬೆಳಿಗ್ಗೆ ಕೇಳಿದರೆ, "ನೀನು ಬೋಂಡ ಮಂಚ ಹತ್ತಬಾರ್ದು ಅಂದೆ, ನಾನು ಇಳೀಬಾರ್ದು ಅಂತ ಹೇಳಿಲ್ವಲ್ಲ." ಹೊಸ ಒಪ್ಪಂದವಾಯಿತು: ಚಾಪೆಗೂ ಗೋಣಿಗೂ ನಡುವೆ ಮೂರು ಟೈಲ್ಸ್ ಖಾಲಿ ಇರಬೇಕು. ಸದ್ಯ ಅದು ಎರಡಕ್ಕೆ ಬಂದು ನಿಂತಿದೆ, ಮಾತುಕತೆ ಮುಂದುವರಿದಿದೆ.